ಅಂಗಡಿಯ ಅಟ್ಟದಲ್ಲಿ ಸಿಕ್ಕ ಬರ್ಮಾ ಷೆಲ್ ಎನಾಮಲ್ ಫಲಕ: ಇದರಿಂದ ಏನನ್ನು ತಿಳಿಯಬಹುದು?

ಪ್ರಶ್ನೆ – ಚಿಕ್ಕೋಡಿಯವ

ಮಾನ್ಯರೇ, ಚಿಕ್ಕೋಡಿ ತಾಲ್ಲೂಕಿನ ನಮ್ಮೂರಿನಲ್ಲಿ ಅಜ್ಜ ನಡೆಸುತ್ತಿದ್ದ ಕಿರಾಣಿ ಅಂಗಡಿಯನ್ನು ಈಚೆಗೆ ಕೆಡವುವಾಗ ಅಟ್ಟದಲ್ಲಿ ಒಂದು ಎನಾಮಲ್ ಫಲಕ ಸಿಕ್ಕಿತು. ಕಡುನೀಲಿ ನೆಲದ ಮೇಲೆ ಬಿಳಿಯ ಅಕ್ಷರಗಳಲ್ಲಿ, ಮೇಲೆ ಮರಾಠಿಯಲ್ಲಿ ಮತ್ತು ಕೆಳಗೆ ಕನ್ನಡದಲ್ಲಿ, ಬರ್ಮಾ ಷೆಲ್ ಸೀಮೆಎಣ್ಣೆ ಇಲ್ಲಿ ದೊರೆಯುತ್ತದೆ ಎಂದು ಬರೆದಿದೆ; ನಡುವೆ ಕಂಪನಿಯ ಚಿಪ್ಪಿನ ಗುರುತಿದೆ. ಮೊಳೆಯ ತೂತುಗಳ ಸುತ್ತ ಎನಾಮಲ್ ಚಕ್ಕೆಯೆದ್ದು ಕಪ್ಪು ತುಕ್ಕು ಹಿಡಿದಿದೆ. ಇದು ಬ್ರಿಟಿಷರ ಕಾಲದ್ದು, ಅಜ್ಜ ಕಂಪನಿಯ ಏಜೆಂಟರಾಗಿದ್ದರು ಎಂದು ಮನೆಯ ಹಿರಿಯರು ಹೇಳುತ್ತಾರೆ. ಊರಿನ ಹಳೆಯ ಅಂಗಡಿಗಳ ಬಗ್ಗೆ ಬರೆಯುತ್ತಿರುವ ನನಗೆ ಈ ಎರಡು ಮಾತುಗಳಿಗೆ ಫಲಕವೊಂದೇ ಆಧಾರವಾಗಬಲ್ಲದೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ – ಹಳೆಯ ಪೇಟೆ

ಮೊದಲು ಕಂಪನಿಯ ಆಯುಸ್ಸನ್ನು ನೋಡಿ. ಬರ್ಮಾ ಆಯಿಲ್ ಮತ್ತು ಷೆಲ್ ಕಂಪನಿಗಳು ಭಾರತದ ಮಾರಾಟವನ್ನು ಒಂದುಗೂಡಿಸಿ ಬರ್ಮಾ ಷೆಲ್ ಎಂಬ ಹೆಸರಿನಲ್ಲಿ ವ್ಯವಹಾರ ಆರಂಭಿಸಿದ್ದು 1928ರಲ್ಲಿ. 1976ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಮರುವರ್ಷ ಅದಕ್ಕೆ ಭಾರತ್ ಪೆಟ್ರೋಲಿಯಂ ಎಂಬ ಹೆಸರು ಬಂತು. ಅಂದರೆ ನಿಮ್ಮ ಫಲಕ ಈ 48 ವರ್ಷಗಳೊಳಗಿನದು, ಮತ್ತು ಅದರಲ್ಲಿ ಹೆಚ್ಚಿನ ಭಾಗ ಸ್ವಾತಂತ್ರ್ಯಾನಂತರದ್ದು. ನೀಲಿ ಬಣ್ಣವನ್ನೂ ತುಕ್ಕನ್ನೂ ನೋಡಿ ಬ್ರಿಟಿಷರ ಕಾಲಕ್ಕೆ ಹಾಕಿಬಿಡುವುದು ಸಂಗ್ರಾಹಕರಲ್ಲಿ ಸಾಮಾನ್ಯ. ಮಾರುವವರಿಗಂತೂ ಅದು ಬಹಳ ಅನುಕೂಲ.

ಮರಾಠಿ ಇರುವುದರಿಂದ 1956ರ ನವೆಂಬರ್ 1ಕ್ಕಿಂತ ಮುಂಚಿನದು, ಅಂದರೆ ಆ ಭಾಗ ಮುಂಬಯಿ ಆಡಳಿತದಲ್ಲಿದ್ದಾಗಿನದು ಎಂದು ವಾದಿಸುವವರು ಸಿಗಬಹುದು. ಆದರೆ ಆಡಳಿತ ಬದಲಾದ ಮಾತ್ರಕ್ಕೆ ಅಂಗಡಿಗೆ ಬರುವ ಗಿರಾಕಿಗಳು ಬದಲಾಗಲಿಲ್ಲ. ಎರಡು ಲಿಪಿಗಳು ಫಲಕ ಯಾವ ಸೀಮೆಯ ಪೇಟೆಗೆಂದು ತಯಾರಾಯಿತು ಎಂಬುದನ್ನು ಹೇಳುತ್ತವೆಯೇ ಹೊರತು ಯಾವ ವರ್ಷ ಎಂಬುದನ್ನಲ್ಲ. ದರ ನಮೂದಾಗಿದ್ದರೆ ಆಣೆಯೋ ನಯಾಪೈಸೆಯೋ ಎಂದು ನೋಡಿ 1957ರ ಏಪ್ರಿಲ್‌ನ ಹಿಂದು ಮುಂದನ್ನು ನಿರ್ಧರಿಸಬಹುದಿತ್ತು. ಆದರೆ ಹತ್ತಾರು ವರ್ಷ ಬಾಳುವ ಫಲಕದ ಮೇಲೆ ಏರಿಳಿಯುವ ಸೀಮೆಎಣ್ಣೆಯ ದರವನ್ನು ಯಾರು ಬರೆಸುತ್ತಾರೆ?

ಉತ್ತರ – ಕುಲುಮೆ

ಕಾಲಕ್ಕಿಂತ ಮೊದಲು ಅಸಲಿಯೇ ಎಂಬುದು ಖಚಿತವಾಗಲಿ. ಎನಾಮಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ತಗಡಿಗೆ ಹಚ್ಚಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕರಗಿಸಿ ಕೂಡಿಸುತ್ತಾರೆ. ತಳದ ಲೇಪದಲ್ಲಿ ಕೋಬಾಲ್ಟ್ ಬೆರೆಸುವುದು ಗಾಜು ಕಬ್ಬಿಣವನ್ನು ಬಿಗಿಯಾಗಿ ಹಿಡಿಯಲೆಂದು. ಒಂದೊಂದು ಬಣ್ಣವನ್ನೂ ಅಚ್ಚಿನ ಮೂಲಕ ಹಾಕಿ ಪ್ರತ್ಯೇಕವಾಗಿ ಸುಡುತ್ತಿದ್ದುದರಿಂದ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಿಳಿಯ ಅಕ್ಷರ ಮುಗಿದು ನೀಲಿ ಆರಂಭವಾಗುವಲ್ಲಿ ಸಣ್ಣ ಮೆಟ್ಟಿಲು ತಿಳಿಯುತ್ತದೆ. ತೂತುಗಳನ್ನು ಸುಡುವ ಮೊದಲೇ ಕೊರೆಯುತ್ತಿದ್ದರು. ಆದ್ದರಿಂದ ಚಕ್ಕೆಯೇಳದ ತೂತು ಒಂದಾದರೂ ಉಳಿದಿದ್ದರೆ ಅದರ ಒಳ ಅಂಚಿಗೂ ಗಾಜು ಹರಿದಿರಬೇಕು. ತಗಡು ಸೊಟ್ಟಗಾಗದಿರಲೆಂದು ಹಿಂಬದಿಗೂ ಲೇಪ ಕೊಡುತ್ತಿದ್ದರು. ಹಿಂಬದಿ ಬರಿಯ ತಗಡಾಗಿದ್ದು, ಮುಂಬದಿ ನುಣ್ಣಗೆ ಒಂದೇ ಸಮವಾಗಿದ್ದರೆ ಅನುಮಾನ ಪಡಿ.

ಕೆಳಗಿನ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ. ತಯಾರಕರು ತಮ್ಮ ಹೆಸರನ್ನೂ ಊರನ್ನೂ ಅಲ್ಲಿ ಕಿರಿದಾಗಿ ಹಾಕುವ ರೂಢಿಯಿತ್ತು. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಸುತ್ತಮುತ್ತ ಇಂಥ ಕಾರ್ಖಾನೆಗಳಿದ್ದವು.

ಚಿಕ್ಕೋಡಿಯವ

ಇಬ್ಬರಿಗೂ ಕೃತಜ್ಞತೆಗಳು. ಅಕ್ಷರಗಳ ಅಂಚಿನ ಮೆಟ್ಟಿಲು ಬೆರಳಿಗೆ ತಿಳಿಯುತ್ತದೆ, ಹಿಂಬದಿಯಲ್ಲಿ ಕಪ್ಪು ಲೇಪವೂ ಇದೆ. ಕೆಳ ಅಂಚಿನಲ್ಲಿ ತಯಾರಕರ ಹೆಸರು ತುಕ್ಕಿನಲ್ಲಿ ಹೋಗಿದೆ; ಇಂಗ್ಲಿಷಿನಲ್ಲಿ ಕಲ್ಕತ್ತಾ ಎಂಬುದಷ್ಟೇ ಓದಲು ಸಿಗುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದರೆ ಉಳಿದ ಅಕ್ಷರಗಳು ಕಾಣಬಹುದೆಂದು ಮನೆಯಲ್ಲಿ ಹೇಳುತ್ತಿದ್ದಾರೆ.

ಉತ್ತರ – ಹಳೆಯ ಪೇಟೆ

ಹಾಗಾದರೆ ಅಸಲಿ ಎಂದು ನಂಬಲು ಕಾರಣವಿದೆ. ವಿಲಾಯಿತಿಯಿಂದ ಬಂದದ್ದು ಎಂಬ ಮಾತನ್ನು ಮಾತ್ರ ಕೈಬಿಡಬೇಕಾಗುತ್ತದೆ. ಕಲ್ಕತ್ತಾದಲ್ಲಿ ಸ್ವಾತಂತ್ರ್ಯಕ್ಕೆ ಮೊದಲೂ ಅನಂತರವೂ ಎನಾಮಲ್ ಕೆಲಸ ನಡೆಯುತ್ತಿದ್ದುದರಿಂದ ವರ್ಷದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಚಿಪ್ಪಿನ ಗುರುತಿನ ಚಿತ್ರವನ್ನು ಇಲ್ಲಿ ಹಾಕಿ. ಷೆಲ್ ಕಂಪನಿ 1904ರಿಂದ ಬಳಸಿದ ಆ ಚಿಪ್ಪು ಮೊದಮೊದಲು ಸಹಜ ಚಿತ್ರದಂತಿದ್ದು, ಬರಬರುತ್ತ ಗೆರೆಗಳು ಸರಳವಾದವು. ನಿಮ್ಮದು ಯಾವ ಹಂತದ್ದೆಂದು ಹೋಲಿಸಬಹುದು.

ಏಜೆಂಟರಾಗಿದ್ದರು ಎಂಬುದಕ್ಕೆ ಫಲಕ ಸಾಕ್ಷಿಯಾಗದು. ಕಂಪನಿಗಳು ಏಜೆಂಟರಿಗಷ್ಟೇ ಅಲ್ಲದೆ, ಏಜೆಂಟರಿಂದ ಸರಕು ತರುವ ಚಿಲ್ಲರೆ ಅಂಗಡಿಗಳಿಗೂ ಫಲಕ ಕೊಡುತ್ತಿದ್ದವು. ಅದಕ್ಕೆ ಅಜ್ಜನವರ ಖಾತೆ ಕಿರ್ದಿ ಪುಸ್ತಕ, ಕರಾರುಪತ್ರ, ಎಣ್ಣೆ ದಾಸ್ತಾನಿನ ಪರವಾನಗಿ ಹುಡುಕಿ. ಖಾತೆಯಲ್ಲಿ ಎಣ್ಣೆಯ ಲೆಕ್ಕ ನೇರವಾಗಿ ಕಂಪನಿಯ ಹೆಸರಿನಲ್ಲಿದೆಯೋ, ನಿಪ್ಪಾಣಿಯದೋ ಬೆಳಗಾವಿಯದೋ ವ್ಯಾಪಾರಿಯೊಬ್ಬರ ಹೆಸರಿನಲ್ಲಿದೆಯೋ ಎಂಬುದೇ ನಿರ್ಣಾಯಕ.

ಉತ್ತರ – ಕುಲುಮೆ

ದಯವಿಟ್ಟು ಹುಣಸೆಹಣ್ಣು ಬೇಡ, ನಿಂಬೆಯೂ ಬೇಡ. ಹಿತ್ತಾಳೆಯ ಕೊಡಕ್ಕೆ ಒಳ್ಳೆಯದಾದ ಹುಳಿ ಎನಾಮಲ್ಲಿನ ಹೊಳಪನ್ನು ತಿನ್ನಬಹುದು, ಚಕ್ಕೆಯೆದ್ದಲ್ಲಿ ಕಬ್ಬಿಣಕ್ಕೂ ಇಳಿಯುತ್ತದೆ. ಮೃದುವಾದ ಸಾಬೂನು ನೀರಿನಲ್ಲಿ ಹತ್ತಿಬಟ್ಟೆ ಅದ್ದಿ ಒರೆಸಿ, ಕೂಡಲೇ ಒಣಗಿಸಿ. ತಯಾರಕರ ಹೆಸರಿರುವ ಜಾಗವನ್ನು ತಿಕ್ಕುವ ಬದಲು, ಕತ್ತಲೆ ಕೋಣೆಯಲ್ಲಿ ಬದಿಯಿಂದ ಟಾರ್ಚಿನ ಬೆಳಕು ಬಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಕ್ಷರದ ಗಾಜು ಸ್ವಲ್ಪ ಉಳಿದಿದ್ದರೂ ಅದರ ನೆರಳು ಬೀಳುತ್ತದೆ.