ಗಂಡನಿಗೆ ಏನಾದರೂ ಆದರೆ ಮಕ್ಕಳು ಯಾರ ಕೈಗೆ? ಶಾರ್ಜಾದಿಂದ ಒಂದು ಪ್ರಶ್ನೆ

ಹಾಸನದ ಸೊಸೆ, ಶಾರ್ಜಾ:
ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಬೆಳಗ್ಗೆ ಇಂಥ ವಿಷಯ ಎತ್ತಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಮ್ಮ ಬಿಲ್ಡಿಂಗ್‌ನಲ್ಲಿದ್ದ ತಮಿಳು ಕುಟುಂಬದ ಯಜಮಾನರು ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ನಲವತ್ತೆರಡು ವಯಸ್ಸು, ಅಷ್ಟೇ. ಸುದ್ದಿ ಬ್ಯಾಂಕಿಗೆ ಮುಟ್ಟಿದ ಕೂಡಲೇ ಖಾತೆ ಫ್ರೀಜ್. ಇಬ್ಬರ ಹೆಸರಲ್ಲಿದ್ದ ಖಾತೆಯೂ ಅಷ್ಟೇ. ಬಾಡಿಗೆಗೆ ಮೊದಲೇ ಬರೆದುಕೊಟ್ಟಿದ್ದ ಚೆಕ್ ಬೌನ್ಸ್ ಆಗುತ್ತದೆ ಅಂತ ಆಕೆ ನಮ್ಮನೆ ಸೋಫಾ ಮೇಲೆ ಕೂತು ಅತ್ತರು. ಇಲ್ಲಿ ಶರಿಯಾ ಕಾನೂನು, ಗಂಡುಮಕ್ಕಳಿಲ್ಲದಿದ್ದರೆ ಆಸ್ತಿ ಗಂಡನ ಅಣ್ಣತಮ್ಮಂದಿರಿಗೆ ಹೋಗುತ್ತದೆ, ಮಕ್ಕಳನ್ನೂ ಅವರೇ ನೋಡಿಕೊಳ್ಳಬೇಕು ಅಂತ ಲಿಫ್ಟ್‌ನಲ್ಲಿ ಯಾರೋ ಹೇಳಿದರು. ನನಗೂ ಇಬ್ಬರು ಹೆಣ್ಣುಮಕ್ಕಳು, 9 ವರ್ಷ ಮತ್ತು 4 ವರ್ಷ. ಇದು ನಿಜವಾ? ನಮ್ಮವರ ಹತ್ತಿರ ವಿಲ್ ಅಂತ ಬಾಯಿಬಿಟ್ಟರೆ ಸಾಕು, "ಬಿಡ್ತು ಅನ್ನು" ಅಂತಾರೆ.

ಕುಡ್ಲದ ಲೆಕ್ಕಿಗ, ದುಬೈ:
ಅಕ್ಕ, ಲಿಫ್ಟ್‌ನಲ್ಲಿ ಕೇಳಿದ್ದು ಹಳೆಯ ಕಥೆ. ಪೂರ್ತಿ ಸುಳ್ಳಲ್ಲ, ಆದರೆ ಹಳೆಯದು. ಯುಎಇಯ 2005ರ ಕುಟುಂಬ ಕಾನೂನಿನಲ್ಲಿ ನಮ್ಮಂಥವರು ನಮ್ಮ ದೇಶದ ಕಾನೂನನ್ನೇ ಅನ್ವಯಿಸಿ ಅಂತ ಕೇಳಬಹುದಿತ್ತು. ಕೇಳದಿದ್ದರೆ, ಸಾಬೀತು ಮಾಡದಿದ್ದರೆ ಶರಿಯಾ ಪ್ರಕಾರ ಪಾಲು. ಈಗ ಮುಸ್ಲಿಮರಲ್ಲದವರಿಗೆ ಬೇರೆ ಕಾನೂನೇ ಇದೆ. 2022ರ 41ನೇ ನಂಬರಿನ ಫೆಡರಲ್ ಕಾನೂನು, 2023ರ ಫೆಬ್ರವರಿ 1ರಿಂದ ಜಾರಿ. ವಿಲ್ ಇದ್ದರೆ ಯಾರಿಗೆ ಎಷ್ಟು ಬೇಕಾದರೂ ಬರೆಯಬಹುದು. ವಿಲ್ ಇಲ್ಲದಿದ್ದರೆ ಅರ್ಧ ಹೆಂಡತಿಗೆ ಅಥವಾ ಗಂಡನಿಗೆ, ಉಳಿದರ್ಧ ಮಕ್ಕಳಿಗೆ ಸಮಪಾಲು. ಗಂಡು ಹೆಣ್ಣು ಭೇದ ಇಲ್ಲ. ಮೈದುನನಿಗೆ ಏನೂ ಇಲ್ಲ.
ಆದರೂ ವಿಲ್ ಮಾಡಿಸಿ. ಪಾಲಿಗಿಂತ ಹೆಚ್ಚಾಗಿ ಗಾರ್ಡಿಯನ್ ವಿಷಯಕ್ಕೆ. ಇಬ್ಬರೂ ಒಟ್ಟಿಗೆ ಕಾರಿನಲ್ಲಿ ಹೋಗುತ್ತೀರಿ ಅಲ್ವಾ? ಊರಿನಿಂದ ಅಜ್ಜಿ ವೀಸಾ ಮಾಡಿಸಿ ಬರುವ ತನಕ ಮಕ್ಕಳು ಯಾರ ಮನೆಯಲ್ಲಿರಬೇಕು ಅಂತ ಹೆಸರು ಬರೆಸಬೇಕು. ಇಲ್ಲೇ ಇರುವವರ ಹೆಸರು ಒಂದು, ಊರಿನಲ್ಲಿರುವವರದು ಇನ್ನೊಂದು. ದುಬೈನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ ಡಿಐಎಫ್‌ಸಿಯಲ್ಲಿ 2015ರಿಂದ ವಿಲ್ ನೋಂದಣಿ ಇದೆ, ಖರ್ಚು ಜಾಸ್ತಿ. ಅಬುಧಾಬಿ ಕೋರ್ಟ್ ಇಲಾಖೆಯಲ್ಲಿ ತುಂಬಾ ಕಮ್ಮಿ. ಹಾಸನದ ಸೈಟು, ಮನೆಗೆ ಊರಿನಲ್ಲೇ ಬೇರೆ ಉಯಿಲು ಬರೆಸಿ.

ದೇರಾ ಹಿರಿಯ, 1991ರಿಂದ:
ನಾವು ಬಂದಾಗ ಇದೆಲ್ಲ ಎಲ್ಲಿತ್ತು ತಂಗಿ! ವಾರದ ರಜೆ ಶುಕ್ರವಾರ. 2006ರಲ್ಲಿ ಶುಕ್ರ ಶನಿ ಆಯ್ತು, 2022ರಲ್ಲಿ ಶನಿ ಭಾನು. ರಂಜಾನ್‌ನಲ್ಲಿ ಹಗಲು ಹೋಟೆಲ್‌ಗೆ ಪರದೆ ಹಾಕುತ್ತಿದ್ದರು, ನಾವು ಆಫೀಸಿನ ಸ್ಟೋರ್ ರೂಮಿನಲ್ಲಿ ಕದ್ದು ಚಪಾತಿ ತಿನ್ನುತ್ತಿದ್ದೆವು. 2021ರಿಂದ ದುಬೈನಲ್ಲಿ ಪರದೆಯೂ ಕಡ್ಡಾಯವಲ್ಲ. ಒಂದು ಮಾತ್ರ ಹೇಳುತ್ತೇನೆ. ಆ ತಿಂಗಳು ಕೆಲಸ ಎರಡು ಗಂಟೆ ಕಮ್ಮಿ, ಉಪವಾಸ ಮಾಡುವವರಿಗೂ ಮಾಡದವರಿಗೂ. ಮೂವತ್ತು ವರ್ಷ ವಿಲ್ ಇಲ್ಲದೆಯೇ ಕಳೆದೆ. ದೇವರಿದ್ದಾನೆ.

ಕುಡ್ಲದ ಲೆಕ್ಕಿಗ, ದುಬೈ:
ಅಣ್ಣ, ದೇವರು ಬ್ಯಾಂಕಿಗೆ ಪತ್ರ ಬರೆಯಲ್ಲ.

ಭಟ್ಕಳದ ಅಮ್ಮಿ, ಅಜ್ಮಾನ್:
ಶರಿಯಾ ಅಂದ ಕೂಡಲೇ ಎಲ್ಲರೂ ಗಾಬರಿ ಆಗುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ಲಿಫ್ಟ್‌ನ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಇಬ್ಬರು ಹೆಣ್ಣುಮಕ್ಕಳು, ಹೆಂಡತಿ, ತಾಯಿ, ಒಬ್ಬ ತಮ್ಮ ಇದ್ದಾರೆ, ತಂದೆ ಇಲ್ಲ ಅಂದುಕೊಳ್ಳಿ. ಆಸ್ತಿಯನ್ನು 24 ಪಾಲು ಮಾಡಿ. ಹೆಣ್ಣುಮಕ್ಕಳಿಬ್ಬರಿಗೆ ಸೇರಿ 16, ತಾಯಿಗೆ 4, ಹೆಂಡತಿಗೆ 3. ಉಳಿದ 1 ತಮ್ಮನಿಗೆ. ತಂದೆ ಇದ್ದರೆ ತಮ್ಮನಿಗೆ ಅದೂ ಇಲ್ಲ. ಅಂದರೆ "ಎಲ್ಲಾ ಮೈದುನನಿಗೆ" ಅನ್ನೋದು ಸುಮ್ನೆ ಮಾತು. ಹೆಣ್ಣಿಗೆ ಗಂಡಿನ ಅರ್ಧ ಅನ್ನೋದು ನಿಜ, ಒಬ್ಬ ಮಗ ಒಬ್ಬಳು ಮಗಳು ಇದ್ದಾಗ. ಅದರ ಬಗ್ಗೆ ನಮ್ಮ ಮನೆಗಳಲ್ಲೂ ಜಗಳ ಇದೆ.
ನನಗೂ ಇಬ್ಬರು ಹೆಣ್ಣುಮಕ್ಕಳೇ. ನಿಮಗೆ ಇರುವ ಆಯ್ಕೆ ನನಗಿಲ್ಲ. ವಸಿಯತ್‌ನಲ್ಲಿ, ಅಂದರೆ ನಮ್ಮ ಉಯಿಲಿನಲ್ಲಿ, ಮೂರನೇ ಒಂದು ಭಾಗ ಮಾತ್ರ ಬರೆಯಬಹುದು, ಅದೂ ವಾರಸುದಾರರಿಗೆ ಅಲ್ಲ. ಅದಕ್ಕೆ ನಮ್ಮವರು ಬದುಕಿರುವಾಗಲೇ ಊರಿನ ಮನೆಯನ್ನು ಹಿಬಾ (ದಾನ) ಮಾಡಿ ಮಕ್ಕಳ ಹೆಸರಿಗೆ ಕೊಟ್ಟರು. ಅತ್ತೆ ಮೂರು ತಿಂಗಳು ಮಾತು ಬಿಟ್ಟಿದ್ದರು.

ಧಾರವಾಡದ ಮಾಸ್ತರ ಮಗ, ಅಬುಧಾಬಿ:
ನಾನು ನೇರ ಕೇಳುತ್ತೇನೆ. ಆ ಹೊಸ ಕಾನೂನಿನಲ್ಲಿ ಅರ್ಧ ಹೆಂಡತಿಗೆ, ಅರ್ಧ ಮಕ್ಕಳಿಗೆ. ಹಡೆದ ತಾಯಿಗೆ ಏನ್ರಿ? ಸೊನ್ನೆ! ಭಟ್ಕಳದ ಅಕ್ಕ ಹೇಳಿದ ಲೆಕ್ಕದಲ್ಲಿ ತಾಯಿಗೆ ಆರರಲ್ಲಿ ಒಂದು ಪಾಲು ಖಾಯಂ, ತಂದೆ ಇದ್ದರೆ ಅವನಿಗೂ ಅಷ್ಟೇ. ಯಾರೂ ತಪ್ಪಿಸೋ ಹಂಗಿಲ್ಲ. ನಮ್ಮಪ್ಪ ಹೊಲ ಒತ್ತೆ ಇಟ್ಟು ನನ್ನನ್ನು ಇಂಜಿನಿಯರ್ ಮಾಡಿದ. ನಾಳೆ ನಾನು ಹೋದರೆ ಅವನು ಸೊಸೆಯ ಮುಂದೆ ಕೈ ಒಡ್ಡಬೇಕಾ? ಹೆಂಡತಿ ಮಕ್ಕಳಿಗೆ ವಿಲ್, ವಿಲ್ ಅಂತ ಓಡುವವರು ಒಂದು ಸಾಲು ಅಪ್ಪ ಅಮ್ಮನಿಗೆ ಬರೆದಿದ್ದೀರಾ? ಕೈ ಎತ್ತಿ ನೋಡೋಣ.

ಮೈಸೂರು ಮಲ್ಲಿಗೆ, ದುಬೈ:
ಅಣ್ಣಾವ್ರೇ, ಆಕೆ ಕೇಳಿದ್ದು ಮಕ್ಕಳ ಬಗ್ಗೆ. ಗಂಡ ಹೋದ ಹೆಂಗಸಿನ ಮೇಲೆ ಯಾಕೆ ಕೂಗಾಡುತ್ತೀರಿ? ಸೊಸೆ ಅಂದರೆ ದರೋಡೆಕೋರಳಾ?

ಧಾರವಾಡದ ಮಾಸ್ತರ ಮಗ, ಅಬುಧಾಬಿ:
ನಾನು ಯಾರಿಗೂ ಬೈದಿಲ್ಲ. ಲೆಕ್ಕ ಕೇಳಿದೆ.

ಕುಡ್ಲದ ಲೆಕ್ಕಿಗ, ದುಬೈ:
ಲೆಕ್ಕವೇ ಬೇಕಾದರೆ ನಮ್ಮ ಹಿಂದೂ ಉತ್ತರಾಧಿಕಾರ ಕಾಯಿದೆ ನೋಡಿ, 1956ರದು. ವಿಲ್ ಬರೆಯದೆ ಮಗ ಸತ್ತರೆ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಸಮಪಾಲು. ಆದರೆ ಅಪ್ಪನಿಗೆ ಇಲ್ಲ, ಅವರು ಎರಡನೇ ದರ್ಜೆಯ ವಾರಸುದಾರ. ನಿಮ್ಮ ಅಪ್ಪನಿಗೆ ಊರಿನ ಕಾನೂನೂ ಕೊಡಲ್ಲ ಸರ್. ನೀವು ಬರೆದರೆ ಮಾತ್ರ ಸಿಗುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನದಲ್ಲಂತೂ ಹಿಂದೆ ಹೆಣ್ಣಿನ ಕಡೆಯಿಂದಲೇ ಕುಟುಂಬ, ಮಾವನ ಆಸ್ತಿ ಅಳಿಯನಿಗೆ, ಅಂದರೆ ಅಕ್ಕತಂಗಿಯ ಮಗನಿಗೆ ಹೋಗುತ್ತಿತ್ತು. ನನ್ನ ಅಜ್ಜನ ಮಕ್ಕಳಿಗೆ ಅಜ್ಜನ ಮನೆ ಸಿಗಲಿಲ್ಲ. ಎಲ್ಲಾ ಕಡೆಯೂ ಯಾರಾದರೊಬ್ಬರು ಹೊರಗೆ ನಿಂತಿರುತ್ತಾರೆ.

ಬಳ್ಳಾರಿ ಬಿಸಿಲು, ರಾಸ್ ಅಲ್ ಖೈಮಾ:
2020ರಲ್ಲಿ ವಿಮಾನ ನಿಂತಿತ್ತು. ಅಪ್ಪ ಹೋದಾಗ ವಿಡಿಯೋದಲ್ಲಿ ನೋಡಿದೆ. ತಮ್ಮ ಬೆಂಕಿ ಕೊಟ್ಟ. ನೀವೆಲ್ಲ ಪಾಲಿನ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಅದೇ ಕಣ್ಣ ಮುಂದೆ ಬರುತ್ತದೆ.

ದೇರಾ ಹಿರಿಯ, 1991ರಿಂದ:
ಅದಕ್ಕೇ ನಾನು ಹೇಳೋದು, ಮಕ್ಕಳಿಗೆ ಕನ್ನಡ ಕಲಿಸಿ. ನನ್ನ ಮಗ ಅರೇಬಿಕ್ ಓದುತ್ತಾನೆ, ಶಾಲೆಯಲ್ಲಿ ಕಡ್ಡಾಯ. ಅಜ್ಜಿ ಕಾಗದ ಬರೆದರೆ ಓದಲು ಬರಲ್ಲ.

ಮೈಸೂರು ಮಲ್ಲಿಗೆ, ದುಬೈ:
ಇದಕ್ಕೂ ಅದಕ್ಕೂ ಏನು ಸಂಬಂಧ ಅಂಕಲ್ 😀

ಹಾಸನದ ಸೊಸೆ, ಶಾರ್ಜಾ:
ಎಲ್ಲರಿಗೂ ಥ್ಯಾಂಕ್ಸ್. ಅತ್ತೆ ಮಾವನಿಗೆ ಕೊಡಬಾರದು ಅಂತ ನಾನು ಹೇಳಲೇ ಇಲ್ಲ. ಮಾವನ ಔಷಧಿಗೆ ತಿಂಗಳು ತಿಂಗಳು ದುಡ್ಡು ಕಳಿಸುವವಳು ನಾನೇ. ಕುಡ್ಲದ ಅಣ್ಣ, ಇಲ್ಲಿರುವವರ ಹೆಸರು ಬರೆಸಿ ಅಂದಿರಿ. ಇಲ್ಲಿ ನಮಗೆ ನೆಂಟರು ಯಾರೂ ಇಲ್ಲ. ಫ್ರೆಂಡ್ಸ್ ಹೆಸರು ಬರೆಸಬಹುದಾ? ಅವರ ಒಪ್ಪಿಗೆ ಬೇಕಾ?

ಧಾರವಾಡದ ಮಾಸ್ತರ ಮಗ, ಅಬುಧಾಬಿ:
ನೀವು ಕೊಡುತ್ತೀರಿ ತಂಗಿ, ಎಲ್ಲರೂ ಹಂಗಿರಲ್ಲ. ನನ್ನ ಮಾತು ಇನ್ನೂ ಮುಗಿದಿಲ್ಲ. ಕೊಟ್ಟರೆ ದಯೆ, ಬರೆದಿಟ್ಟರೆ ಹಕ್ಕು. ಶರಿಯಾದಲ್ಲಿ ಅಪ್ಪ ಅಮ್ಮನಿಗೆ ಹಕ್ಕು ಅಂತ ಮಾಡಿಟ್ಟಿದ್ದಾರೆ, ನಾವು ದಯೆ ಅಂತ ಬಿಟ್ಟಿದ್ದೇವೆ.

ಮೈಸೂರು ಮಲ್ಲಿಗೆ, ದುಬೈ:
ಹಂಗಾದರೆ ಹೆಣ್ಣಿಗೆ ಅರ್ಧ ಅನ್ನೋದೂ ಒಪ್ಪುತ್ತೀರಾ? ಬೇಕಾದ್ದು ಮಾತ್ರ ಆರಿಸಿಕೊಂಡರೆ ಹೆಂಗೆ?

(ಇಲ್ಲಿಂದ ಮುಂದೆ ಇಬ್ಬರದೇ 31 ಮೆಸೇಜ್.)

ಭಟ್ಕಳದ ಅಮ್ಮಿ, ಅಜ್ಮಾನ್:
ತಂಗಿ, ಇವರು ಮುಗಿಸುವ ತನಕ ಕಾಯಬೇಡ. ಫ್ರೆಂಡ್ಸ್ ಆದರೂ ಸರಿ. ಹೆಸರು ಹಾಕುವ ಮೊದಲು ಅವರನ್ನು ಕೇಳು, ಪಾಸ್‌ಪೋರ್ಟ್ ಕಾಪಿ ಇಸ್ಕೋ. ಮಕ್ಕಳಿಗೆ ಅವರ ಮನೆ ರೂಢಿ ಇರಲಿ. ಆ ತಮಿಳು ಅಕ್ಕನಿಗೂ ಹೇಳು, ವಾರಸುದಾರರ ಪತ್ರ ಊರಿನಿಂದ ಬಂದರೆ ಎಂಬೆಸಿ ಅಟೆಸ್ಟೇಶನ್ (ದೃಢೀಕರಣ) ಆಗಿ, ಅರೇಬಿಕ್‌ಗೆ ಅನುವಾದ ಆಗಬೇಕು. ಅದಕ್ಕೇ ಸಮಯ ಹಿಡಿಯೋದು. ಬಾಡಿಗೆ ಚೆಕ್ ವಿಷಯ ಮನೆ ಓನರ್‌ಗೆ ಇವತ್ತೇ ಹೋಗಿ ಮಾತಾಡಲಿ.

ಹಾಸನದ ಸೊಸೆ, ಶಾರ್ಜಾ:
ಸರಿ ಅಮ್ಮಿ. ಇದನ್ನೆಲ್ಲ ನಮ್ಮವರಿಗೆ ಫಾರ್ವರ್ಡ್ ಮಾಡಿದೆ. ಎರಡು ನೀಲಿ ಟಿಕ್ ಬಂತು. ಉತ್ತರ ಇಲ್ಲ.