‘ನಿರ್ದೇಶಕಿ’, ‘ಸಹ ನಿರ್ದೇಶಕಿ’, ‘ಸಿಗರೇಟುಗಾರ್ತಿ’: ಮೂರು ಪದಗಳ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ರಷ್ಯಾದ ಯುಲಿಯಾ ಸೋಲ್ನ್‌ತ್ಸೆವಾ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಟಿಯಾಗಿ ಶುರು ಮಾಡಿ ಸಿನಿಮಾ ನಿರ್ದೇಶನಕ್ಕೆ ಬಂದವರು. ಮೂರು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ. ಬಲ್ಲವರು ದಾರಿ ತೋರಿಸಿ.

ಮೊದಲನೆಯದು ‘ನಿರ್ದೇಶಕಿ’. ರಷ್ಯನ್ನಿನಲ್ಲಿ ನಟನಿಗೆ ‘ಅಕ್ತ್ಯೋರ್’, ನಟಿಗೆ ‘ಅಕ್ತ್ರೀಸಾ’. ನಮ್ಮ ನಟ, ನಟಿ ಇದ್ದ ಹಾಗೆಯೇ. ಆದರೆ ನಿರ್ದೇಶನಕ್ಕೆ ಬಂದರೆ ಗಂಡಸಿಗೂ ಹೆಂಗಸಿಗೂ ‘ರೆಝಿಸ್ಯೋರ್’ ಒಂದೇ, ಅದೂ ಪುಲ್ಲಿಂಗ ಪದ. ‘ರೆಝಿಸ್ಯೋರ್‌ಶಾ’ ಅಂತ ಸ್ತ್ರೀಲಿಂಗ ರೂಪ ಮಾತಿನಲ್ಲಿ ಇದೆ. ಆದರೆ ಅದು ಹಗುರವಾಗಿ ಕೇಳಿಸುತ್ತದೆ, ಗಂಭೀರ ಬರಹದಲ್ಲಿ ಸಾಮಾನ್ಯವಾಗಿ ಬಳಸುವುದಿಲ್ಲ. ಆ ‘ಶಾ’ ಪ್ರತ್ಯಯಕ್ಕೆ ಹಳೆಯ ಅರ್ಥವೊಂದಿದೆ: ಇಂಥವರ ಹೆಂಡತಿ. ‘ಗೆನೆರಾಲ್‌ಶಾ’ ಅಂದರೆ ಜನರಲ್ ಸಾಹೇಬರ ಹೆಂಡತಿ. ನಮ್ಮೂರಲ್ಲಿ ಡಾಕ್ಟರ ಹೆಂಡತಿಯನ್ನೂ ಡಾಕ್ಟ್ರಮ್ಮ ಅನ್ನುತ್ತಿದ್ದರು, ಸ್ವತಃ ಡಾಕ್ಟರಾದ ಹೆಂಗಸನ್ನೂ ಡಾಕ್ಟ್ರಮ್ಮ ಅನ್ನುತ್ತಿದ್ದರು. ಗೌಡರ ಹೆಂಡತಿ ಗೌಡತಿ. ಅದೇ ಜಾತಿಯ ಪದ.

ಯುಲಿಯಾ ಅವರ ವಿಷಯದಲ್ಲಿ ಇದು ಸುಮ್ನೆ ವ್ಯಾಕರಣದ ಮಾತಲ್ಲ. ಅವರು ದೊಡ್ಡ ನಿರ್ದೇಶಕರೊಬ್ಬರ ಹೆಂಡತಿಯೂ ಹೌದು, ಸ್ವತಃ ನಿರ್ದೇಶಕಿಯೂ ಹೌದು. 1901ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು. 1924ರಲ್ಲಿ ನಿರ್ದೇಶಕ ಪ್ರೊತಜಾನೊವ್ ಅವರ ‘ಅಯೆಲೀತಾ’ ಎಂಬ ಮೂಕಿ ಚಿತ್ರದಲ್ಲಿ ಮಂಗಳಗ್ರಹದ ರಾಣಿಯಾದರು. ಅದರ ಚಿತ್ರಗಳನ್ನು ನೀವೂ ನೋಡಿರಬಹುದು: ತಲೆಯ ಸುತ್ತ ಕಡ್ಡಿ ಕಡ್ಡಿಯಾಗಿ ಎದ್ದು ನಿಂತ ಕಿರೀಟ, ಸೂರ್ಯನ ಕಿರಣಗಳ ಹಾಗೆ. ಅವರ ಹೆಸರಿನಲ್ಲಿರುವ ‘ಸೋಲ್ನ್‌ತ್ಸೆ’ ಅಂದರೂ ಸೂರ್ಯನೇ. 1930ರಲ್ಲಿ ಅಲೆಕ್ಸಾಂದರ್ ದೊವ್‌ಝೆಂಕೊ ಅವರ ‘ಭೂಮಿ’ ಚಿತ್ರದಲ್ಲಿ ರೈತನ ಮಗಳ ಪಾತ್ರ ಮಾಡಿದರು. ನಾನು ಹೇಳಿದ ಆ ದೊಡ್ಡ ನಿರ್ದೇಶಕರು, ಅವರ ಗಂಡ, ಇದೇ ದೊವ್‌ಝೆಂಕೊ. ಯುಲಿಯಾ ಅವರ ಜೊತೆ ಬದುಕಿದರು, ಅವರ ಜೊತೆಗೇ ಕ್ಯಾಮೆರಾದ ಹಿಂದೆ ನಿಂತರು.

1956ರ ನವೆಂಬರ್‌ನಲ್ಲಿ ದೊವ್‌ಝೆಂಕೊ ತೀರಿಕೊಂಡರು. ಅವರ ‘ಸಮುದ್ರದ ಕಾವ್ಯ’ ಚಿತ್ರದ ಚಿತ್ರೀಕರಣ ಇನ್ನೇನು ಶುರುವಾಗಬೇಕಿತ್ತು. ಆ ಚಿತ್ರವನ್ನು ಯುಲಿಯಾ ಮಾಡಿ ಮುಗಿಸಿದರು, 1958ರಲ್ಲಿ ತೆರೆಗೆ ಬಂತು. ಆಮೇಲೆ ದೊವ್‌ಝೆಂಕೊ ಬರೆದಿಟ್ಟಿದ್ದ ಯುದ್ಧದ ಕಥೆಯನ್ನು 70 ಎಂ.ಎಂ. ಅಗಲದ ಫಿಲ್ಮಿನಲ್ಲಿ ತೆಗೆದರು. ಸೋವಿಯತ್ ದೇಶದಲ್ಲಿ ಆ ಅಳತೆಯಲ್ಲಿ ಬಂದ ಮೊದಲ ಕಥಾಚಿತ್ರ ಅದು. ಹೆಸರನ್ನು ನಾನು ‘ಉರಿವ ವರ್ಷಗಳ ಕಥೆ’ ಅಂತ ಕನ್ನಡಿಸಿದ್ದೇನೆ. ಆ ಚಿತ್ರಕ್ಕೆ 1961ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು. ಹೆಂಗಸೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಎರಡನೆಯ ಸಲ ಸಿಕ್ಕಿದ್ದು 2017ರಲ್ಲಿ, ಅಮೆರಿಕದ ನಿರ್ದೇಶಕಿ ಸೋಫಿಯಾ ಕೊಪ್ಪೊಲಾ ಅವರಿಗೆ. ನಡುವೆ 56 ವರ್ಷ!

ಬರಹ ಬಲ್ಲ ಒಬ್ಬ ಸ್ನೇಹಿತರು ‘ನಿರ್ದೇಶಕಿ ಬೇಡ, ನಿರ್ದೇಶಕರು ಅಂತ ಬರೆಯಿರಿ, ಗೌರವ ಇರುತ್ತದೆ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ರಷ್ಯನ್ನಿನಲ್ಲಿ ‘ರೆಝಿಸ್ಯೋರ್’ ಪುಲ್ಲಿಂಗವಾದರೂ ಅದರ ಜೊತೆ ಬರುವ ಕ್ರಿಯಾಪದ ‘ಹೇಳಿದಳು’, ‘ತೆಗೆದಳು’ ಅಂತ ಸ್ತ್ರೀಲಿಂಗದಲ್ಲಿ ಬರಬಹುದು. ಹೆಸರುಪದ ಮುಚ್ಚಿಟ್ಟಿದ್ದನ್ನು ಕ್ರಿಯಾಪದ ಹೇಳಿಬಿಡುತ್ತದೆ. ನಮ್ಮಲ್ಲಿ ಇದು ತಲೆಕೆಳಗು. ಗೌರವ ಕೊಟ್ಟ ಕೂಡಲೇ ಕ್ರಿಯಾಪದ ‘ಹೇಳಿದರು’ ಆಗುತ್ತದೆ, ಅದರಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಹೆಸರುಪದದಲ್ಲೂ ‘ನಿರ್ದೇಶಕರು’ ಅಂತ ಇಟ್ಟರೆ ಓದುವವರಿಗೆ ಗೊತ್ತಾಗುವುದಾದರೂ ಹೇಗೆ? ‘ನಿರ್ದೇಶಕಿ ಹೇಳಿದರು’ ಅಂದರೆ ಗೌರವವೂ ಇದೆ, ಹೆಣ್ಣು ಅಂತಲೂ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿರ್ದೇಶಕಿ ಅಂದರೆ ನಿರ್ದೇಶಕನ ಹೆಂಡತಿ ಅಂತ ಕನ್ನಡದಲ್ಲಿ ಯಾರೂ ತಿಳಿಯುವುದಿಲ್ಲ, ಅಲ್ವಾ? ರಷ್ಯನ್ ಭಾಷೆ ಅವರಿಗೆ ಕೊಡಲಾಗದ ಪದ ನಮ್ಮ ಹತ್ತಿರ ಇದೆ. ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಆದರೆ ಒಂದು ಕಡೆ ಮಾತ್ರ ಆ ಪದ ಕೈಕೊಡುತ್ತದೆ. ‘ಅತ್ಯುತ್ತಮ ನಿರ್ದೇಶಕಿ ಪ್ರಶಸ್ತಿ’ ಅಂತ ಬರೆದರೆ, ಅತ್ಯುತ್ತಮ ನಟಿ ಪ್ರಶಸ್ತಿ ಇರುವ ಹಾಗೆ ಹೆಂಗಸರಿಗೇ ಬೇರೆ ಪ್ರಶಸ್ತಿ ಇತ್ತು ಅನ್ನಿಸುತ್ತದೆ. ಅಲ್ಲಿ ಇದ್ದದ್ದು ಒಂದೇ. ಫ್ರೆಂಚಿನಲ್ಲಿ ಆ ಪ್ರಶಸ್ತಿಯ ಹೆಸರೇ ನಿರ್ದೇಶನದ ಪ್ರಶಸ್ತಿ, ನಿರ್ದೇಶಕನದ್ದಲ್ಲ. ಹಾಗಾಗಿ ಆ ವಾಕ್ಯದಲ್ಲಿ ‘ಅತ್ಯುತ್ತಮ ನಿರ್ದೇಶನ’ ಅಂತ ಇಟ್ಟಿದ್ದೇನೆ. ಇದಕ್ಕೆ ಯಾರ ತಕರಾರೂ ಇರಲಾರದು.

ಎರಡನೆಯ ಪದ ನಿಜವಾಗಿ ತಲೆ ತಿನ್ನುತ್ತಿದೆ. ದೊವ್‌ಝೆಂಕೊ ಅವರ 1939ರ ‘ಷ್ಚೋರ್ಸ್’ ಚಿತ್ರದಲ್ಲಿ ಯುಲಿಯಾ ‘ಸೊರೆಝಿಸ್ಯೋರ್’. ಪದಕ್ಕೆ ಪದ ಇಟ್ಟರೆ ‘ಸಹ ನಿರ್ದೇಶಕಿ’. ಆದರೆ ಗಾಂಧಿನಗರದಲ್ಲಿ ಸಹ ನಿರ್ದೇಶಕ ಅಂದರೆ ಯಾರು? ನಿರ್ದೇಶಕರ ಕೈಕೆಳಗೆ ಸೆಟ್ ನೋಡಿಕೊಳ್ಳುವವರು, ಸಹಾಯಕರಿಗಿಂತ ಒಂದು ಮೆಟ್ಟಿಲು ಮೇಲಿನವರು. ಟೈಟಲ್ ಕಾರ್ಡಿನಲ್ಲಿ ಹಾಗೆ ಓದಿ ರೂಢಿಯಾದ ಕನ್ನಡಿಗರು ಯುಲಿಯಾ ಅವರನ್ನೂ ಆ ಸಾಲಿಗೇ ಸೇರಿಸಿಬಿಡುತ್ತಾರೆ. ಗಂಡನ ನೆರಳು ಮೊದಲೇ ಇದೆ, ಮೇಲೆ ಈ ಪದ ಬೇರೆ. ‘ಜೊತೆ ನಿರ್ದೇಶಕಿ’ ಅಂತ ಬರೆದು ನೋಡಿದೆ. ಕಿವಿಗೆ ಹೊಸದು, ಆದರೆ ಅರ್ಥ ಸರಿಯಾಗಿ ಕೂರುತ್ತದೆ. ‘ಇಬ್ಬರೂ ಸೇರಿ ನಿರ್ದೇಶಿಸಿದರು’ ಅಂತ ಬಿಡಿಸಿ ಬರೆಯೋಣವೆಂದರೆ, ಮುಖ್ಯ ನಿರ್ದೇಶಕರು ದೊವ್‌ಝೆಂಕೊ ಅನ್ನುವುದು ಮರೆಯಾಗುತ್ತದೆ. ಯಾರಾದರೂ ಹಳೆಯ ಚಲನಚಿತ್ರ ಪತ್ರಿಕೆಗಳಲ್ಲಿ ಇದಕ್ಕೆ ಬೇರೆ ಪದ ನೋಡಿದ್ದೀರಾ?

ಮೂರನೆಯದು ಚಿಕ್ಕದು, ಆದರೆ ನನಗೆ ತುಂಬ ಇಷ್ಟವಾದದ್ದು. 1924ರಲ್ಲೇ ಅವರು ನಟಿಸಿದ ಇನ್ನೊಂದು ಚಿತ್ರದ ಹೆಸರು ‘ಮೊಸ್ಸೆಲ್‌ಪ್ರೋಮಿನ ಪಪಿರೋಸ್ನಿತ್ಸಾ’. ಮೊಸ್ಸೆಲ್‌ಪ್ರೋಮ್ ಮಾಸ್ಕೋದ ಸರ್ಕಾರಿ ವ್ಯಾಪಾರ ಸಂಸ್ಥೆ. ಅದರ ಹೆಸರಿದ್ದ ಟೋಪಿ ಹಾಕಿಕೊಂಡು, ಕೊರಳಿಗೆ ಪೆಟ್ಟಿಗೆ ನೇತುಹಾಕಿಕೊಂಡು ಬೀದಿಯಲ್ಲಿ ಸಿಗರೇಟು ಮಾರುವ ಹುಡುಗಿಯೇ ಪಪಿರೋಸ್ನಿತ್ಸಾ. ಆ ಪಾತ್ರದ ಹುಡುಗಿ ಕೊನೆಗೆ ಸಿನಿಮಾ ನಟಿಯಾಗುತ್ತಾಳೆ. ಅವಳ ಮೇಲೆ ಮನಸ್ಸಿಟ್ಟ ಗುಮಾಸ್ತನೊಬ್ಬ ಸಿಗರೇಟು ಸೇದದಿದ್ದರೂ ದಿನಾ ಬಂದು ಕೊಳ್ಳುತ್ತಾನೆ. ‘ನಿತ್ಸಾ’ ಪ್ರತ್ಯಯ ನಮ್ಮ ‘ಗಿತ್ತಿ’, ‘ಗಾರ್ತಿ’ಯ ಕೆಲಸ ಮಾಡುತ್ತದೆ. ಹೂವಾಡಗಿತ್ತಿ ಅಂದ ಕೂಡಲೇ ಬುಟ್ಟಿ, ಮೊಳ, ಕೂಗು ಎಲ್ಲ ಕಣ್ಣಿಗೆ ಬರುತ್ತದಲ್ಲ, ಹಾಗೆ. ಆದರೆ ‘ಸಿಗರೇಟುಗಾರ್ತಿ’ ಅಂದರೆ ಸಿಗರೇಟು ಸೇದುವವಳು ಅನ್ನಿಸುತ್ತದೆ. ‘ಸಿಗರೇಟು ಮಾರುವ ಹುಡುಗಿ’ ಅಂದರೆ ಅರ್ಥ ಸರಿ, ಕಸುಬಿನ ಹೆಸರಿನ ಗತ್ತು ಹೋಯಿತು. ನಿಮ್ಮ ಕಡೆ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಬೀಡಿ, ಎಲೆಅಡಿಕೆ ಮಾರುವ ಹೆಂಗಸನ್ನು ಏನನ್ನುತ್ತಾರೆ? ಯಾವ ಊರಿನ ಪದವಾದರೂ ಸರಿ, ಊರ ಹೆಸರೂ ಸೇರಿಸಿ ಬರೆಯಿರಿ.