ಲೈನ್ ಮನೆಗೆ ಮನಸ್ಸಿನ ಆ್ಯಪ್ ತರುತ್ತಾರಂತೆ, ಸೇರಬಹುದಾ?

ಪ್ರಶ್ನೆ (ಮೂಡಿಗೆರೆ ಕಡೆಯ ಸ್ವಸಹಾಯ ಸಂಘದ ಸದಸ್ಯೆ): ನಮಸ್ತೆ ಮೇಡಂ. ನಮ್ಮ ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಯವರಿಗೆ (ತೋಟದ ಕೆಲಸಗಾರರ ಸಾಲು ಮನೆ) ಮೊಬೈಲಿನಲ್ಲಿ ಮನಸ್ಸಿನ ಆರೋಗ್ಯದ ಆ್ಯಪ್ ಕೊಟ್ಟು ಪರೀಕ್ಷೆ ಮಾಡುತ್ತೇವೆ ಅಂತ ಒಂದು ತಂಡ ಬಂದಿದೆ. ಸಂಘದಿಂದ 40 ಜನರನ್ನು ಸೇರಿಸಿಕೊಡಿ ಅನ್ನುತ್ತಾರೆ. ಹೆಂಗಸರು ‘ನಮಗೇನು ಹುಚ್ಚಾ?’ ಅಂತ ಕೇಳುತ್ತಿದ್ದಾರೆ. ಸೇರಿಸಬಹುದಾ?

ಉತ್ತರ (ಆಪ್ತ ಸಮಾಲೋಚಕಿ, ಹಾಸನ): ನಮಸ್ತೆ ಅಕ್ಕ. ಮೊದಲು ಅವರ ಮಾತಿಗೆ ಉತ್ತರ. ಪರೀಕ್ಷೆ ಅವರಿಗಲ್ಲ, ಆ್ಯಪಿಗೆ. ಅದರಿಂದ ಕಷ್ಟದಲ್ಲಿರುವವರಿಗೆ ನಿಜವಾಗಿ ಉಪಯೋಗ ಆಗುತ್ತದಾ ಅಂತ ನೋಡುವ ಕೆಲಸ ಇದು. ಹೀಗೆ ನೋಡದೆ ಊರಿಗೆಲ್ಲ ಹಂಚಿಬಿಟ್ಟರೆ ತಪ್ಪು, ಹಾಗಾಗಿ ಇಂಥ ಪರೀಕ್ಷೆ ಬೇಕು. ಆದರೆ ಸೇರಿಸುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ.

ಫೋನ್ ಯಾರದು ಅಂತ ಅವರು ವಿಚಾರಿಸಿದ್ದಾರಾ? ನಾನು ಸಕಲೇಶಪುರದ ಹತ್ತಿರ ಒಂದು ಲೈನ್ ಮನೆಯಲ್ಲಿ ಕೂತಿದ್ದಾಗ ನೋಡಿದ್ದು ಹೇಳುತ್ತೇನೆ. ಮನೆಗೆ ಒಂದೇ ಪ್ಲಗ್ಗು, ಕಿಟಕಿ ಪಕ್ಕ. ಫೋನ್ ಅಲ್ಲೇ ಚಾರ್ಜಿಗೆ. ಮಗ ವಿಡಿಯೋ ನೋಡುತ್ತಿದ್ದ. ಅಷ್ಟರಲ್ಲಿ ‘ಇವತ್ತು ನಿಮ್ಮ ಮನಸ್ಸು ಹೇಗಿದೆ?’ ಅಂತ ಇಂಥದೇ ಒಂದು ಆ್ಯಪಿನಿಂದ ಮೆಸೇಜ್ ಬಂತು. ಹುಡುಗ ಜೋರಾಗಿ ಓದಿದ. ಗಂಡ ತಿರುಗಿ ನೋಡಿದ. ಆ ಮನೆಯಾಕೆ ಒಲೆ ಮುಂದೆ ತಲೆ ಬಗ್ಗಿಸಿಕೊಂಡು, ‘ಏನೋ ಕಂಪನಿ ಮೆಸೇಜು, ತೆಗ್ದಾಕು’ ಅಂದಳು. ಆ ದಿನದಿಂದ ಆಕೆ ಅದನ್ನು ತೆರೆಯಲೇ ಇಲ್ಲ. ಬೆಂಗಳೂರಿನಲ್ಲಿ ಕೂತು ನೋಡಿದವರಿಗೆ ‘ಈಕೆಗೆ ಆಸಕ್ತಿ ಇಲ್ಲ’ ಅಂತ ಕಂಡಿರುತ್ತದೆ. ಆಸಕ್ತಿ ಇತ್ತು, ಮರೆ ಇರಲಿಲ್ಲ. ಓದು ಬರದವರಿಗೆ ಧ್ವನಿಯಲ್ಲಿ ಕೊಡುತ್ತೇವೆ ಅನ್ನುತ್ತಾರೆ. ಸ್ಪೀಕರ್ ಹಾಕಿದರೆ ಪಕ್ಕದ ಮನೆಗೂ ಕೇಳುತ್ತದೆ, ಅಲ್ವಾ?

ಇನ್ನು ಪ್ರಶ್ನೆಪತ್ರಿಕೆ. ಖಿನ್ನತೆಯ ಲಕ್ಷಣ ಅಳೆಯಲು ಹೆಚ್ಚಾಗಿ ಪಿಎಚ್‌ಕ್ಯು-9 ಬಳಸುತ್ತಾರೆ. ಕಳೆದ 2 ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. 10 ಅಥವಾ ಜಾಸ್ತಿ ಬಂದರೆ ಖಿನ್ನತೆ ಇರಬಹುದು, ಇನ್ನೂ ವಿಚಾರಿಸಬೇಕು ಅಂತ ಅರ್ಥ. ಅದೊಂದರಿಂದಲೇ ಕಾಯಿಲೆ ಅನ್ನುವ ಹಾಗಿಲ್ಲ. ಭಾಷೆಯನ್ನೂ ನೋಡಿ. ನಮ್ಮಲ್ಲಿ ಯಾರೂ ‘ನನಗೆ ಖಿನ್ನತೆ’ ಅಂತ ಹೇಳುವುದಿಲ್ಲ. ‘ತಲೆ ತುಂಬ ಒಂದೇ ಯೋಚ್ನೆ’, ‘ಎದೆ ಡವಡವ’, ‘ಹೊಟ್ಟೆಯೊಳಗೆ ಸಂಕಟ’, ‘ಯಾಕೋ ಬೇಜಾರು’ ಅನ್ನುತ್ತಾರೆ. ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರಿಗೆ ಕನ್ನಡವೂ ಕಷ್ಟ. ಪ್ರಶ್ನೆಗಳನ್ನು ನಿಮ್ಮ ಮುಂದೆ ಒಮ್ಮೆ ಓದಿ ಹೇಳಲಿ. ನಿಮಗೇ ಅರ್ಥವಾಗದಿದ್ದರೆ ಬರೆದದ್ದು ಸರಿಯಿಲ್ಲ, ಬದಲಿಸಿ ಅನ್ನಿ.

ಆ ಒಂಬತ್ತರಲ್ಲಿ ಕೊನೆಯದು ಸಾವಿನ ಯೋಚನೆ ಬಗ್ಗೆ. ಅದಕ್ಕೆ ರಾತ್ರಿ 11 ಗಂಟೆಗೆ ಒಬ್ಬಳು ‘ಹೌದು’ ಅಂತ ಒತ್ತಿದರೆ ಯಾರು ನೋಡುತ್ತಾರೆ, ಎಷ್ಟು ಹೊತ್ತಿನಲ್ಲಿ ಫೋನ್ ಮಾಡುತ್ತಾರೆ? ನೆಟ್‌ವರ್ಕ್ ಇಲ್ಲದಿದ್ದರೆ ಮನೆಗೆ ಯಾರು ಬರುತ್ತಾರೆ? ಇದಕ್ಕೆ ಹೆಸರು, ನಂಬರ್ ಸಮೇತ ಉತ್ತರ ಕೊಡಲಿ. ಕೊಡದಿದ್ದರೆ ಒಬ್ಬರನ್ನೂ ಸೇರಿಸಬೇಡಿ. ಇದನ್ನು ಬಹಳ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಕಾಗದದ ವಿಷಯಕ್ಕೆ ಬಂದರೆ, ಇಂಥ ಪರೀಕ್ಷೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ ತೋರಿಸಲಿ. ವಿವರದ ಹಾಳೆಯ ಒಂದು ಪ್ರತಿ ಪ್ರತಿಯೊಬ್ಬರ ಕೈಗೂ ಬರಬೇಕು. ಓದಲು ಬರದವರಿಗೆ ಓದಿ ಹೇಳಿ, ತಂಡಕ್ಕೆ ಸೇರದ ಒಬ್ಬರ ಸಾಕ್ಷಿಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಬೇಡ ಅನ್ನಿಸಿದ ದಿನ ಬಿಟ್ಟುಬಿಡಬಹುದು. ಹೇಳಿದ ಮಾತು ಮೇಸ್ತ್ರಿಗಾಗಲಿ, ತೋಟದ ಲೆಕ್ಕ ಬರೆಯುವ ರೈಟರಿಗಾಗಲಿ, ಮಾಲೀಕರಿಗಾಗಲಿ ಹೋಗಬಾರದು.

ಪ್ರಶ್ನೆ (ಅರಸೀಕೆರೆಯ ಶಿಕ್ಷಕರು): ಅರ್ಧ ಜನರಿಗೆ ಆ್ಯಪ್ ಕೊಟ್ಟು ಅರ್ಧ ಜನರಿಗೆ ಕೊಡುವುದಿಲ್ಲವಂತೆ. ಬಡವರ ಜೊತೆ ಹೀಗೆ ಮಾಡುವುದು ಅನ್ಯಾಯ ಅಲ್ವಾ?

ಉತ್ತರ: ಹಾಗೆ ಅನ್ನಿಸುವುದು ಸಹಜ ಸಾರ್. ಆದರೆ ನಮ್ಮ ಕಡೆಯ ವರ್ಷ ನೆನಪು ಮಾಡಿಕೊಳ್ಳಿ. ಜುಲೈ ಮಳೆಯಲ್ಲಿ ಕೆಲಸ ಕಡಿಮೆ, ಸಂಘದ ಸಾಲದ ಕಂತು ಮಾತ್ರ ತಪ್ಪದು, ಒಣಗದ ಬಟ್ಟೆ, ಕೆಮ್ಮುವ ಮಕ್ಕಳು. ಆಗ ಅಳೆದರೆ ಎಲ್ಲರ ಅಂಕವೂ ಜಾಸ್ತಿಯೇ. ಅದೇ ಜನರನ್ನು ಜನವರಿಯಲ್ಲಿ ಕೇಳಿ. ಹಣ್ಣು ಕೊಯ್ಲು ಜೋರು, ಕೆಜಿ ಲೆಕ್ಕದಲ್ಲಿ ನಾಲ್ಕು ಕಾಸು ಕೈಯಲ್ಲಿ. ಆ್ಯಪ್ ಏನೂ ಮಾಡದಿದ್ದರೂ ಅಂಕ ಇಳಿದಿರುತ್ತದೆ. ಕೊಯ್ಲಿನ ಕೂಲಿ ಮಾಡಿದ್ದನ್ನು ಆ್ಯಪ್ ಮಾಡಿತು ಅಂದುಬಿಡುತ್ತೇವೆ. ಅದಕ್ಕೇ ಅದೇ ಕಾಲದಲ್ಲಿ, ಅದೇ ಮಳೆಯಲ್ಲಿ ಇರುವ ಇನ್ನೊಂದು ಗುಂಪು ಬೇಕು. ಯಾರಿಗೆ ಮೊದಲು ಅನ್ನುವುದು ಚೀಟಿ ಎತ್ತಿದಂತೆ ಆಗಬೇಕು, ಮೇಸ್ತ್ರಿಗೆ ಬೇಕಾದವರಿಗೆ ಅಂತಲ್ಲ. ಪಕ್ಕಪಕ್ಕದ ಮನೆಯವರು ಮಾತಾಡಿಕೊಳ್ಳುತ್ತಾರೆ, ಹಾಗಾಗಿ ತೋಟಕ್ಕೆ ತೋಟವನ್ನೇ ಚೀಟಿಗೆ ಹಾಕುವುದು ಒಳ್ಳೆಯದು. ಎರಡನೇ ಗುಂಪಿನವರನ್ನು ಸುಮ್ನೆ ಬಿಡುವ ಹಾಗಿಲ್ಲ. ಅವರಿಗೂ ಸಹಾಯದ ದಾರಿ ತೋರಿಸಿರಬೇಕು, ಉಪಯೋಗ ಕಂಡರೆ ಆಮೇಲೆ ಆ್ಯಪನ್ನೂ ಕೊಡಬೇಕು.

ಪ್ರಶ್ನೆ (ಕೊಪ್ಪದ ನರ್ಸ್): ಆ್ಯಪ್ ಒಂದೇ ಸಾಕಾ, ಮನುಷ್ಯರು ಬೇಡವಾ?

ಉತ್ತರ: ನನ್ನ ಅನುಭವದಲ್ಲಿ ಒಂದೇ ಸಾಲದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಅಲ್ಲಿ ಮಾತಾಡಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನು ಮತ್ತೆ ಶುರು ಮಾಡಿಸುವುದೇ ಅವರ ದಾರಿ. 6ರಿಂದ 8 ಭೇಟಿ ಅಷ್ಟೇ. ತೀವ್ರ ಖಿನ್ನತೆ ಇದ್ದವರಿಗೂ ಅದರಿಂದ ಗುಣ ಕಂಡಿತು. ಫೋನ್ ಆ ಭೇಟಿಗಳ ನಡುವೆ ನೆನಪು ಮಾಡಿಕೊಡಲಿ, ಒಳ್ಳೆಯದೇ. ಮಾತಾಡಿಸುವವರ ಜಾಗಕ್ಕೇ ಅದನ್ನು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ (ಮೂಡಿಗೆರೆ ಕಡೆಯ ಸದಸ್ಯೆ, ಮತ್ತೆ): ಮೇಡಂ, ಇನ್ನೊಂದು. ನಮ್ಮ ಸಾಲಿನಲ್ಲೇ ಒಬ್ಬಳು ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ‘ಇದ್ದೇನು ಪ್ರಯೋಜನ’ ಅಂತಾಳೆ. ಪರೀಕ್ಷೆ ಶುರುವಾಗುವುದು ಮುಂದಿನ ತಿಂಗಳು. ಅಲ್ಲಿವರೆಗೆ ಕಾಯಬಹುದಾ?

ಉತ್ತರ: ಕಾಯಬೇಡಿ ಅಕ್ಕ, ಈಗಲೇ ಹೋಗಿ. ಒಬ್ಬಳೇ ಇರುವಾಗ ನೇರವಾಗಿ ಕೇಳಿ, ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಎದೆಯ ಭಾರ ಇಳಿಯುತ್ತದೆ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ. ರಾತ್ರಿ ಒಬ್ಬಳನ್ನೇ ಬಿಡಬೇಡಿ. ಪಕ್ಕದಲ್ಲಿ ಕೂತು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ಇಂಟರ್‌ನೆಟ್ ಬೇಡ, ಬಟನ್ ಫೋನಾದರೂ ಸಾಕು. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಅವರನ್ನು ಕೇಳಿಡಿ. ಆದರೆ ‘ಹೌದು, ಸಾಯಬೇಕು’ ಅಂದರೆ ಮಂಗಳವಾರದ ದಾರಿ ನೋಡಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸದಸ್ಯೆ: ಹೊರಟೆ ಮೇಡಂ. ಮೇಲಿನ ತಿರುವಿನಲ್ಲಿ ಮಾತ್ರ ಸಿಗ್ನಲ್ ಸಿಗೋದು. ಅವಳನ್ನು ಅಲ್ಲಿಗೇ ಕರ್ಕೊಂಡು ಬಂದು ಫೋನ್ ಮಾಡಿಸ್ತೀನಿ.